ಏಡಿಯ ಬಿಲವೂ ಕೆರೆಯ ಏರಿಯೂ

ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿದಾಗ ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತದೆ. ಗಂಗಮ್ಮನಿಗೆ ಪೂಜೆ ಸಲ್ಲುತ್ತದೆ. ಹಿರಿಯರು ಬಾಗಿನ ಅರ್ಪಿಸುತ್ತಾರೆ. ಆದರೆ ಬಿರುಬೇಸಿಗೆಯಲ್ಲಿ ಒಬ್ಬನೇ ಏರಿಯ ಉದ್ದಕ್ಕೂ ನಡೆದು, ಏಡಿ ಕೊರೆದ ಬಿಲಗಳನ್ನು ಹುಡುಕಿ ಹುಡುಕಿ ಮಣ್ಣು ತುಂಬಿದ ನೀರುಗಂಟಿಯನ್ನು ಆ ದಿನ ನೆನೆಯುವವರು ವಿರಳ. ಸರಿಯಾಗಿ ನಡೆಯುವಷ್ಟು ಕಾಲ ಯಾರ ಕಣ್ಣಿಗೂ ಬೀಳದಿರುವುದು ಕೆಲವು ಕೆಲಸಗಳ ಲಕ್ಷಣ. ಅಂಥ ಒಂದು ಕೆಲಸವನ್ನು ಕುರಿತು ಈ ತಿಂಗಳು ವಾಚಕರೊಡನೆ ಮಾತನಾಡಬೇಕೆಂದಿದ್ದೇವೆ. ಅದು ವಿಶ್ವವಿದ್ಯಾನಿಲಯವೊಂದರ ಆವರಣದಲ್ಲಿ ಅಂತರಜಾಲವನ್ನೂ ಇಮೇಲ್ ವ್ಯವಸ್ಥೆಯನ್ನೂ ನಿಲ್ಲದಂತೆ, ಕೆಡದಂತೆ, ಕಳ್ಳರ ಪಾಲಾಗದಂತೆ ಕಾಯುವ ಕೆಲಸ.

ಇದು ನಮಗೇಕೆ ಎಂದು ವಾಚಕರು ಕೇಳಬಹುದು. ಮಡಕಶಿರಾ, ರಾಯದುರ್ಗ ಸೀಮೆಯ ನಮ್ಮ ಮಕ್ಕಳು ಊರ ಶಾಲೆಯ ಓದು ಮುಗಿಸಿ ಅನಂತಪುರಕ್ಕೋ ಬೆಂಗಳೂರಿಗೋ ತುಮಕೂರಿಗೋ ಹೋಗುತ್ತಾರೆ. ಸೇರಿದ ಮೊದಲ ವಾರದಲ್ಲಿಯೇ ಅನೇಕ ಕಡೆಗಳಲ್ಲಿ ಅವರ ಕೈಗೆ ಒಂದು ಇಮೇಲ್ ವಿಳಾಸವೂ ಅದನ್ನು ತೆರೆಯುವ ಒಂದು ಗುಪ್ತಪದವೂ, ಅಂದರೆ ಪಾಸ್‌ವರ್ಡ್ ಸಹ, ಬರುತ್ತದೆ. ನಾವು ಮಕ್ಕಳಿಗೆ ಹಾಸಿಗೆ, ಟ್ರಂಕು, ಚಟ್ನಿಪುಡಿಗಳನ್ನು ಕಟ್ಟಿಕೊಡುತ್ತೇವೆ. ಹಣವನ್ನು ಜೋಪಾನವಾಗಿಡು ಎಂದು ಬುದ್ಧಿ ಹೇಳುತ್ತೇವೆ. ಆ ಗುಪ್ತಪದದ ಬಗೆಗೆ ಮಾತ್ರ ಏನನ್ನೂ ಹೇಳುವುದಿಲ್ಲ. ಅದು ಅವರ ಕೊಠಡಿಯ ಕೀಲಿಕೈ ಮಾತ್ರವಲ್ಲ, ಸಾವಿರಾರು ಜನ ವಾಸಿಸುವ ಒಂದು ದೊಡ್ಡ ಮನೆಯ ಬಾಗಿಲಿನ ಕೀಲಿಕೈ ಕೂಡ ಹೌದೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಬ್ಯಾಂಕಿನ ಜಾಲವನ್ನು ಕಾಯುವುದು ಕಷ್ಟವಾದರೂ ಒಂದು ರೀತಿಯಲ್ಲಿ ಸರಳ. ಅಲ್ಲಿ ಒಳಗೆ ಬರುವವರು ಗೊತ್ತಾದ ನೌಕರರು. ಅವರ ಮೇಜಿನ ಯಂತ್ರಗಳು ಬ್ಯಾಂಕಿನವೇ. ವಿಶ್ವವಿದ್ಯಾನಿಲಯದ ಪರಿಸ್ಥಿತಿ ಬೇರೆ. ಪ್ರತಿ ವರ್ಷವೂ ಸಾವಿರಾರು ಹೊಸ ವಿದ್ಯಾರ್ಥಿಗಳು ತಮ್ಮ ತಮ್ಮ ಫೋನುಗಳನ್ನೂ ಲ್ಯಾಪ್‌ಟಾಪುಗಳನ್ನೂ ಹಿಡಿದು ಒಳಗೆ ಬರುತ್ತಾರೆ. ಅಷ್ಟೇ ಮಂದಿ ಹೊರಗೆ ಹೋಗುತ್ತಾರೆ. ಪರದೇಶದ ವಿದ್ವಾಂಸರು ಎರಡು ದಿನದ ಮಟ್ಟಿಗೆ ಬಂದು ಹೋಗುತ್ತಾರೆ. ಒಂದು ವಿಭಾಗದಲ್ಲಿ ಹೊಚ್ಚ ಹೊಸ ಗಣಕಯಂತ್ರವಿದ್ದರೆ ಪಕ್ಕದ ಪ್ರಯೋಗಾಲಯದಲ್ಲಿ ಹದಿನೈದು ವರ್ಷದ ಹಳೆಯ ಉಪಕರಣವೊಂದು ಇನ್ನೂ ದುಡಿಯುತ್ತಿರುತ್ತದೆ. ಬಾಗಿಲು ಮುಚ್ಚಿದರೆ ವಿದ್ಯೆ ನಿಲ್ಲುತ್ತದೆ. ಪೂರ್ತಿ ತೆರೆದರೆ ಕಳ್ಳನೂ ಬರುತ್ತಾನೆ. ಈ ಎರಡರ ನಡುವಿನ ದಾರಿಯಲ್ಲಿ ನಡೆಯುವುದೇ ಅಲ್ಲಿನ ಕಾವಲುಗಾರರ ಪಾಡು.

ಭಾರತದಲ್ಲಿ ಈ ಬಗೆಯ ಜಾಲದ ಹುಟ್ಟೇ ವಿದ್ಯಾಸಂಸ್ಥೆಗಳಲ್ಲಿ ಆಯಿತೆಂಬುದನ್ನು ಇಲ್ಲಿ ನೆನೆಯಬೇಕು. 1986ರಲ್ಲಿ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶಿಕ್ಷಣ ಹಾಗೂ ಸಂಶೋಧನೆಯ ಜಾಲವನ್ನು ಆರಂಭಿಸಿತು. ಮೊದಲ ಪಾಲುದಾರರಲ್ಲಿ ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಅಂದಿನ ಜಾಲವು ಪರಸ್ಪರ ಪರಿಚಿತರ ಸಣ್ಣ ಓಣಿಯಂತಿತ್ತು. ಓಣಿ ಪಟ್ಟಣವಾದಾಗ ಬಾಗಿಲಿಗೆ ಬೀಗ ಬೇಕಾಗುತ್ತದೆ.

ಬೀಗದ ಅಗತ್ಯವನ್ನು ಲೋಕಕ್ಕೆ ಮೊದಲು ಕಲಿಸಿದ ಘಟನೆ ನಡೆದುದು ಅಮೆರಿಕೆಯಲ್ಲಿ, 1988ರ ನವೆಂಬರ್ 2ರಂದು. ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಮಾರಿಸ್ ಎಂಬ ಸಂಶೋಧನ ವಿದ್ಯಾರ್ಥಿ ಒಂದು ಕ್ರಮವಿಧಿಯನ್ನು ಬರೆದು, ಅದು ತನ್ನ ಊರಿನಿಂದ ಹೊರಟಿತೆಂದು ತಿಳಿಯದಿರಲೆಂದು ಎಂಐಟಿಯ ಒಂದು ಯಂತ್ರದಿಂದ ಜಾಲಕ್ಕೆ ಬಿಟ್ಟ. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ತೆವಳಿಕೊಂಡು ಹೋಗಬಲ್ಲ ಹುಳು. ಇಮೇಲ್ ಸಾಗಿಸುವ ತಂತ್ರಾಂಶದಲ್ಲಿ ದುರಸ್ತಿಗಾರರ ಅನುಕೂಲಕ್ಕೆಂದು ಇರಿಸಿದ್ದ ಹಿಂಬಾಗಿಲೊಂದು ತೆರೆದೇ ಉಳಿದಿತ್ತು. ಅದು ಹುಳುವಿನ ಒಂದು ದಾರಿ. ಇನ್ನೊಂದು ದಾರಿ ಜನರ ಗುಪ್ತಪದಗಳು. ಬಳಕೆದಾರನ ಹೆಸರು, ಅದೇ ಹೆಸರಿನ ತಿರುವುಮುರುವು, ಸಾಮಾನ್ಯವಾಗಿ ಜನ ಇಟ್ಟುಕೊಳ್ಳುವ 432 ಪದಗಳ ಒಂದು ಪಟ್ಟಿ, ಇಷ್ಟನ್ನೇ ಪ್ರಯೋಗಿಸಿ ಅದು ಎಷ್ಟೋ ಬಾಗಿಲುಗಳನ್ನು ತೆರೆಯಿತು. ಯಾವ ಕಡತವನ್ನೂ ಅದು ಅಳಿಸಲಿಲ್ಲ. ಆದರೆ ತನ್ನ ಪ್ರತಿಗಳನ್ನು ಎಣಿಕೆ ಮೀರಿ ಸೃಷ್ಟಿಸಿಕೊಂಡದ್ದರಿಂದ ಯಂತ್ರಗಳು ಉಸಿರುಗಟ್ಟಿ ನಿಂತವು. ಅಂದು ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳ ಪೈಕಿ 6,000 ಯಂತ್ರಗಳು ಬಲಿಯಾದುವೆಂಬುದು ಆಗಿನ ಅಂದಾಜು.

ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿಯುವ ಭಾಗ ಬೇರೆ ಇದೆ. ಹುಳು ಕೈಮೀರಿತೆಂದು ಅರಿತ ಕೂಡಲೇ ಆ ಯುವಕ ಗಾಬರಿಗೊಂಡು ಗೆಳೆಯನಿಗೆ ತಿಳಿಸಿದ. ಗೆಳೆಯನು ಕ್ಷಮಾಪಣೆಯೊಡನೆ, ಹುಳುವನ್ನು ತಡೆಯುವ ಉಪಾಯವನ್ನೂ ಬರೆದು, ಹೆಸರಿಲ್ಲದೆ ಒಂದು ಸಂದೇಶವನ್ನು ಜಾಲದ ಮೂಲಕವೇ ಕಳುಹಿಸಿದ. ಹುಳುವಿನಿಂದಲೇ ಕಟ್ಟಿಹೋಗಿದ್ದ ದಾರಿಯಲ್ಲಿ ಆ ಸಂದೇಶ ಸಕಾಲಕ್ಕೆ ತಲುಪಲಿಲ್ಲ. ಇತ್ತ ಬರ್ಕ್ಲಿ, ಪರ್ಡ್ಯೂ ಮೊದಲಾದ ವಿಶ್ವವಿದ್ಯಾನಿಲಯಗಳ ತಜ್ಞರು ರಾತ್ರಿಯೆಲ್ಲ ಕುಳಿತು ಹುಳುವನ್ನು ಬಿಡಿಸಿ ನೋಡಿ, ತಾವು ಕಂಡ ಪರಿಹಾರವನ್ನು ಇತರರಿಗೆ ಹಂಚಿದರು. ಭಯದಿಂದ ಜಾಲದ ತಂತಿಯನ್ನೇ ಕಿತ್ತ ಸಂಸ್ಥೆಗಳಿಗೆ ಆ ಪರಿಹಾರವೂ ತಡವಾಗಿ ಮುಟ್ಟಿತು, ದೂರವಾಣಿಯೇ ಗತಿಯಾಯಿತು. ಅದೇ ತಿಂಗಳು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಇಂಥ ವಿಪತ್ತುಗಳ ಸುದ್ದಿಯನ್ನು ಸ್ವೀಕರಿಸಿ ಎಲ್ಲರಿಗೂ ಮುಟ್ಟಿಸುವ ತುರ್ತುಕೇಂದ್ರವೊಂದು ಸ್ಥಾಪಿತವಾಯಿತು. ಮಾರಿಸ್‌ಗೆ 1990ರಲ್ಲಿ ಮೂರು ವರ್ಷಗಳ ನಡತೆಯ ನಿಗಾವಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರುಗಳ ದಂಡ ವಿಧಿಸಲಾಯಿತು. ಮುಂದೆ ಆತ ಎಂಐಟಿಯಲ್ಲಿಯೇ ಪ್ರಾಧ್ಯಾಪಕನಾದ. ವಿಷಯವನ್ನು ಕೂಡಲೇ, ನೇರವಾಗಿ, ಹೆಸರು ಹೇಳಿ ಕಾವಲುಗಾರರಿಗೆ ಮುಟ್ಟಿಸಿದ್ದರೆ ಆ ರಾತ್ರಿಯ ಎಷ್ಟು ಹಾನಿ ತಪ್ಪುತ್ತಿತ್ತೋ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಮೂವತ್ತೊಂದು ವರ್ಷಗಳ ನಂತರದ ಇನ್ನೊಂದು ಪ್ರಸಂಗ ಗಡಿನಾಡಿನವರಾದ ನಮಗೆ ಹತ್ತಿರವೆನಿಸುವ ಊರಿನದು. ನೆದರ್ಲೆಂಡ್ಸ್ ದೇಶದ ದಕ್ಷಿಣದ ತುದಿಯಲ್ಲಿ, ಮಾಸ್ ನದಿಯ ದಡದಲ್ಲಿ, ಬೆಲ್ಜಿಯಮ್ಮಿನ ಗಡಿಗೆ ತಾಗಿದಂತೆ ಮಾಸ್ಟ್ರಿಕ್ಟ್ ಪಟ್ಟಣವಿದೆ. ಜರ್ಮನಿಯೂ ಅಲ್ಲಿಂದ ದೂರವಿಲ್ಲ. 1976ರಲ್ಲಿ ಸ್ಥಾಪಿತವಾದ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಪರದೇಶದವರು. ಮನೆಮಾತು ಒಂದು, ತರಗತಿಯ ಮಾತು ಇನ್ನೊಂದು.

2019ರ ಅಕ್ಟೋಬರ್ ಮಧ್ಯಭಾಗದಲ್ಲಿ ಆ ಸಂಸ್ಥೆಯ ಕೆಲವರಿಗೆ ಸಾಧಾರಣವಾಗಿ ತೋರುವ ಇಮೇಲ್‌ಗಳು ಬಂದುವು. ಅದರೊಳಗಿನ ಕೊಂಡಿಯನ್ನು ಒತ್ತಿದಾಗ ಇಳಿದ ಕಡತದಲ್ಲಿ ಒಂದು ಗುಪ್ತ ಕ್ರಮವಿಧಿ ಅಡಗಿತ್ತು. ಏರಿಯಲ್ಲಿ ಏಡಿಯ ಬಿಲ ಬಿದ್ದುದು ಹೀಗೆ. ಕಳ್ಳರು ಆ ದಿನವೇ ಏನನ್ನೂ ಕದಿಯಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲ ಒಳಗೇ ಮೌನವಾಗಿ ಓಡಾಡಿ, ಯಾವ ಯಂತ್ರ ಎಲ್ಲಿದೆ, ಯಾವುದಕ್ಕೆ ಬೀಗ ಸಡಿಲ ಎಂದು ನೋಡಿಕೊಂಡರು. 2017ರಲ್ಲಿಯೇ ಪ್ರಕಟವಾಗಿದ್ದ ರಕ್ಷಣಾ ತಿದ್ದುಪಡಿಯನ್ನು ಹಾಕದೆ ಬಿಟ್ಟಿದ್ದ ಯಂತ್ರಗಳು ಅವರ ಕಣ್ಣಿಗೆ ಬಿದ್ದವು. ಅಲ್ಲಿಂದ ನವೆಂಬರ್ 21ರ ಹೊತ್ತಿಗೆ ಇಡೀ ಜಾಲದ ಯಜಮಾನಿಕೆಯ ಕೀಲಿಕೈ ಅವರ ಕೈಸೇರಿತ್ತು.

ಡಿಸೆಂಬರ್ 23ರ ಸಂಜೆ, ಕ್ರಿಸ್‌ಮಸ್ ರಜೆಗೆಂದು ಎಲ್ಲರೂ ಮನೆ ಸೇರುತ್ತಿದ್ದ ಹೊತ್ತಿನಲ್ಲಿ, ಅವರು 267 ಸರ್ವರ್ ಯಂತ್ರಗಳ ಕಡತಗಳನ್ನೆಲ್ಲ ಓದಲಾಗದ ಗೂಢಲಿಪಿಗೆ ತಿರುಗಿಸಿಬಿಟ್ಟರು. ಇಮೇಲ್ ನಿಂತಿತು. ಸಂಶೋಧಕರ ದತ್ತಾಂಶ, ವಿದ್ಯಾರ್ಥಿಗಳ ಕೆಲಸ, ಆಡಳಿತದ ಲೆಕ್ಕ ಎಲ್ಲವೂ ಬೀಗದೊಳಗೆ ಬಿದ್ದವು. ಆಪತ್ಕಾಲಕ್ಕೆಂದು ಇಟ್ಟಿದ್ದ ಪ್ರತಿಗಳಲ್ಲಿ ಕೆಲವು ಅದೇ ಜಾಲಕ್ಕೆ ಸೇರಿಕೊಂಡಿದ್ದ ಯಂತ್ರಗಳಲ್ಲಿಯೇ ಇದ್ದುದರಿಂದ ಅವೂ ಹೋದವು. ಬೀಜದ ಕಾಳನ್ನೂ ಊಟದ ಕಾಳನ್ನೂ ಒಂದೇ ಕಣಜದಲ್ಲಿಟ್ಟರೆ ಹುಳು ಹತ್ತಿದಾಗ ಏನಾಗುವುದೋ ಅದೇ ಆಯಿತು.

ಮುಂದಿನ ಪ್ರಶ್ನೆ ಧರ್ಮಸಂಕಟದ್ದು. ಕಳ್ಳರು ಕೇಳಿದ ಒತ್ತೆಹಣ 30 ಬಿಟ್‌ಕಾಯಿನ್. ಅಂದಿನ ಬೆಲೆಯಲ್ಲಿ ಎರಡು ಲಕ್ಷ ಯೂರೋಗಳಿಗೆ ತುಸು ಕಡಿಮೆ. ಕೊಟ್ಟರೆ ಕಳ್ಳತನಕ್ಕೆ ಕೂಲಿ ಕೊಟ್ಟಂತೆ. ನಾಳೆ ಇನ್ನೊಂದು ಶಾಲೆಯ ಬಾಗಿಲನ್ನು ಮುರಿಯಲು ಅದೇ ಹಣ ಬಂಡವಾಳವಾಗುತ್ತದೆ. ಕೊಡದಿದ್ದರೆ ವ್ಯವಸ್ಥೆಯನ್ನೆಲ್ಲ ಮೊದಲಿನಿಂದ ಕಟ್ಟಬೇಕು. ಅದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಪರೀಕ್ಷೆಗಳ ಗತಿಯೇನು, ವರ್ಷಗಟ್ಟಲೆ ದುಡಿದು ಕೂಡಿಟ್ಟ ಸಂಶೋಧನೆಯ ಗತಿಯೇನು? ಆಡಳಿತ ಮಂಡಳಿಯು ಹಣ ಕೊಟ್ಟು ಕೀಲಿಕೈ ಪಡೆಯಲು ನಿರ್ಧರಿಸಿತು. 2020ರ ಜನವರಿ 6ರಂದು ತರಗತಿಗಳು ಮತ್ತೆ ನಡೆದವು. ಆ ನಿರ್ಧಾರ ಸರಿಯೇ ತಪ್ಪೇ ಎಂದು ಇಂದಿಗೂ ವಾದಿಸಬಹುದು. ಸಿದ್ಧಾಂತವನ್ನು ಕಾಯಬೇಕೋ ಎದುರಿಗಿರುವ ಮಕ್ಕಳನ್ನು ಕಾಯಬೇಕೋ ಎಂಬ ಪ್ರಶ್ನೆ ಬಂದಾಗ ಶಿಕ್ಷಕನಾದವನು ಯಾವ ಕಡೆಗೆ ವಾಲುವನೆಂಬುದನ್ನು ನಾವು ಬಲ್ಲೆವು. ಆದರೆ ಆ ಪ್ರಶ್ನೆಯೇ ಏಳದಂತೆ ಮುಂಚಿತವಾಗಿ ಬಿಲ ಮುಚ್ಚುವುದು ಲೇಸೆಂಬುದನ್ನೂ ಬಲ್ಲೆವು.

ಕಥೆಗೆ ಒಂದು ಒಳ್ಳೆಯ ಬಾಲವೂ ಇದೆ. ಪೊಲೀಸರು ಹಣದ ಜಾಡು ಹಿಡಿದು, ಉಕ್ರೇನಿನ ವ್ಯಕ್ತಿಯೊಬ್ಬನ ಖಾತೆಯಲ್ಲಿ ಅದರ ಒಂದು ಭಾಗವನ್ನು ಪತ್ತೆಮಾಡಿ ತಡೆಹಿಡಿದರು. ಕೊಟ್ಟಾಗ ಸುಮಾರು 40,000 ಯೂರೋ ಬೆಲೆಯಿದ್ದ ಆ ಭಾಗವೇ ಬಿಟ್‌ಕಾಯಿನ್ನಿನ ಬೆಲೆ ಏರಿದ್ದರಿಂದ 2022ರಲ್ಲಿ ಸುಮಾರು 5,00,000 ಯೂರೋ ಆಗಿತ್ತು. ಅದನ್ನು ಹಣದ ಅಡಚಣೆಯಲ್ಲಿರುವ ವಿದ್ಯಾರ್ಥಿಗಳ ನೆರವಿಗೆ ಮೀಸಲಿಡುವುದಾಗಿ ವಿಶ್ವವಿದ್ಯಾನಿಲಯ ಪ್ರಕಟಿಸಿತು.

ಇಂಥ ವಿಪತ್ತು ಬಾರದಂತೆ ಜಾಲದ ನೀರುಗಂಟಿಗಳು ದಿನವೂ ಮಾಡುವುದೇನು? ನಾವು ತಿಳಿದುಕೊಂಡ ಮಟ್ಟಿಗೆ ಅದನ್ನು ಐದು ಕೆಲಸಗಳಾಗಿ ಹೇಳಬಹುದು.

ಮೊದಲನೆಯದು, ನಿಲ್ಲದಂತೆ ನೋಡಿಕೊಳ್ಳುವುದು. ಎಲ್ಲಿಯೋ ರಸ್ತೆ ಅಗೆಯುವ ಯಂತ್ರ ಒಂದು ಕೇಬಲ್ಲನ್ನು ಕಡಿದರೆ ಇಡೀ ಆವರಣ ಕತ್ತಲಾಗಬಾರದು. ಆದುದರಿಂದ ಬೇರೆ ಬೇರೆ ದಾರಿಗಳಲ್ಲಿ ಬರುವ ಎರಡು ಕೇಬಲ್ಲುಗಳಿರಬೇಕು. ವಿದ್ಯುತ್ತು ಹೋದರೆ ಬ್ಯಾಟರಿಯೂ ಜನರೇಟರೂ ಸಿದ್ಧವಿರಬೇಕು. ಒಂದು ಯಂತ್ರ ಕೆಟ್ಟರೆ ಅದರ ಭಾರವನ್ನು ಹೊರಲು ಇನ್ನೊಂದಿರಬೇಕು.

ಎರಡನೆಯದು, ತಿದ್ದುಪಡಿ. ತಂತ್ರಾಂಶದಲ್ಲಿ ದೋಷ ಕಂಡುಬಂದಾಗ ತಯಾರಕರು ಅದಕ್ಕೆ ತೇಪೆಯನ್ನು ಕಳುಹಿಸುತ್ತಾರೆ. ತೇಪೆ ಪ್ರಕಟವಾದ ದಿನವೇ ತೂತು ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿಯುತ್ತದೆ. ಸಾವಿರ ಯಂತ್ರಗಳಿಗೆ ಹಾಕಿ ಒಂದಕ್ಕೆ ಮರೆತರೂ ಕಳ್ಳನಿಗೆ ಆ ಒಂದೇ ಸಾಕು.

ಮೂರನೆಯದು, ವಿಂಗಡಣೆ. ರೈತನು ಎಲ್ಲ ಬಣವೆಗಳನ್ನೂ ಒತ್ತೊತ್ತಾಗಿ ಒಟ್ಟುವುದಿಲ್ಲ; ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಾದರೂ ಉಳಿಯಲೆಂದು ನಡುವೆ ಅಂತರ ಬಿಡುತ್ತಾನೆ. ಹಾಸ್ಟೆಲಿನ ಜಾಲ, ಪ್ರಯೋಗಾಲಯದ ಜಾಲ, ಪರೀಕ್ಷಾ ವಿಭಾಗದ ಜಾಲ ಹಾಗೆಯೇ ಬೇರೆಬೇರೆಯಾಗಿರಬೇಕು. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೇಲೆ ಇಂಥದೇ ದಾಳಿ ನಡೆದು ಐದು ಸರ್ವರುಗಳು ಕೆಟ್ಟಾಗ, ರೋಗಿಗಳ ನೋಂದಣಿಯನ್ನು ಅನೇಕ ದಿನ ಕಾಗದದ ಮೇಲೆಯೇ ಬರೆಯಬೇಕಾಯಿತು. ಜಾಲದ ವಿಂಗಡಣೆ ಸರಿಯಾಗಿರಲಿಲ್ಲವೆಂದು ಸರಕಾರವೇ ಸಂಸತ್ತಿಗೆ ತಿಳಿಸಿತು.

ನಾಲ್ಕನೆಯದು, ಪ್ರತಿಗಳು. ಮುಖ್ಯವಾದುದಕ್ಕೆ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಕಡೆಯಲ್ಲಿ ಎಂಬುದು ಬಲ್ಲವರ ಸೂತ್ರ. ಆ ಒಂದಕ್ಕೆ ಜಾಲದ ಸಂಪರ್ಕವೇ ಇರದಿದ್ದರೆ ಇನ್ನೂ ಒಳ್ಳೆಯದು. ಅದನ್ನು ಆಗಾಗ ತೆರೆದು, ಓದಲು ಬರುತ್ತದೆಯೇ ಎಂದು ನೋಡಲೂ ಬೇಕು. ಪರೀಕ್ಷಿಸದ ಪ್ರತಿಯು ಬಾವಿಗೆ ಇಳಿಸಿ ನೋಡದ ಹಗ್ಗದಂತೆ.

ಐದನೆಯದು, ಅಂಚೆಯ ತಪಾಸಣೆ. ಕಾಗದದ ಲಕೋಟೆಯ ಮೇಲೆ ‘ಇಂದ’ ಎಂದು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಇಮೇಲ್ ಕೂಡ ಮೂಲತಃ ಹಾಗೆಯೇ. ಆದುದರಿಂದ ವಿಶ್ವವಿದ್ಯಾನಿಲಯಗಳು ತಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆಯೆಂದು ಬಹಿರಂಗವಾಗಿ ಸಾರಿ, ಪ್ರತಿ ಪತ್ರಕ್ಕೂ ಕಣ್ಣಿಗೆ ಕಾಣದ ಮುದ್ರೆಯೊತ್ತುತ್ತವೆ. ಮುದ್ರೆಯಿಲ್ಲದ ನಕಲಿ ಪತ್ರವನ್ನು ಎದುರಿನವರ ಯಂತ್ರ ತಿರಸ್ಕರಿಸಬಲ್ಲದು. ಆದರೆ ಒಬ್ಬ ವಿದ್ಯಾರ್ಥಿಯ ಗುಪ್ತಪದವೇ ಕಳುವಾದರೆ? ಆಗ ಕಳ್ಳನು ಅವನ ಖಾತೆಯೊಳಗೆ ಕುಳಿತು ಸಾವಿರಾರು ಮೋಸದ ಪತ್ರಗಳನ್ನು ನಿಜವಾದ ಮುದ್ರೆಯೊಡನೆಯೇ ಕಳುಹಿಸುತ್ತಾನೆ. ಹೊರಗಿನ ಅಂಚೆವ್ಯವಸ್ಥೆಗಳು ಆ ವಿಶ್ವವಿದ್ಯಾನಿಲಯವನ್ನೇ ಅನುಮಾನದ ಪಟ್ಟಿಗೆ ಸೇರಿಸಿ, ಅಲ್ಲಿಂದ ಬರುವ ಪತ್ರಗಳನ್ನೆಲ್ಲ ತಡೆಯತೊಡಗುತ್ತವೆ. ವಿದ್ಯಾರ್ಥಿವೇತನಕ್ಕೆ ಬರೆದುಕೊಂಡ ಬಡ ಹುಡುಗಿಯೊಬ್ಬಳ ಅರ್ಜಿ, ಪರದೇಶದ ಪ್ರಾಧ್ಯಾಪಕರಿಗೆ ಬರೆದ ಸಂಶೋಧಕನ ಪತ್ರ, ಎರಡೂ ದಾರಿಯಲ್ಲಿ ನಿಲ್ಲಬಹುದು. ಒಬ್ಬನ ಅಜಾಗ್ರತೆಗೆ ಊರೆಲ್ಲ ದಂಡ ತೆರುವುದೆಂದರೆ ಇದೇ. ಅದಕ್ಕಾಗಿಯೇ ಈಗ ಗುಪ್ತಪದದ ಜೊತೆಗೆ ಫೋನಿಗೆ ಬರುವ ಸಂಖ್ಯೆಯಂಥ ಎರಡನೆಯ ಬೀಗವನ್ನೂ ಕೇಳುತ್ತಾರೆ. ಮಕ್ಕಳು ಅದನ್ನು ತೊಂದರೆಯೆಂದು ಗೊಣಗುತ್ತಾರೆ. ಅಗುಳಿಯೂ ಚಿಲಕವೂ ಇರುವ ಬಾಗಿಲನ್ನು ತೆರೆಯಲು ಅರೆ ಕ್ಷಣ ಹೆಚ್ಚು ಬೇಕು. ಕಳ್ಳನಿಗೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು.

ಇಷ್ಟೆಲ್ಲ ಮಾಡಿದರೂ ಒಂದು ವಿಷಯ ಯಂತ್ರಕ್ಕೆ ಸಾಧ್ಯವಿಲ್ಲ. ಇಪ್ಪತ್ತು ಸಾವಿರ ಜನರಿರುವಲ್ಲಿ ಯಾರಾದರೊಬ್ಬರು ಒಂದಲ್ಲ ಒಂದು ದಿನ ತಪ್ಪು ಕೊಂಡಿಯನ್ನು ಒತ್ತಿಯೇ ಒತ್ತುತ್ತಾರೆ. ಓದಿದ ಪ್ರಾಧ್ಯಾಪಕರೂ ಒತ್ತುತ್ತಾರೆ. ದಣಿದ ಗುಮಾಸ್ತರೂ ಒತ್ತುತ್ತಾರೆ. ಆ ಮೇಲಿನ ಹತ್ತು ನಿಮಿಷಗಳಲ್ಲಿ ಅವರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೂಡಲೇ ಕಾವಲುಗಾರರಿಗೆ ತಿಳಿಸಿದರೆ ಅವರು ಆ ಒಂದು ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ಗುಪ್ತಪದವನ್ನು ಬದಲಿಸಿ, ಬಿಲವನ್ನು ಮುಚ್ಚುವ ಅವಕಾಶವಾದರೂ ಇರುತ್ತದೆ. ನಾಚಿಕೆಯಿಂದಲೋ ಭಯದಿಂದಲೋ ಮುಚ್ಚಿಟ್ಟರೆ, ಕಳ್ಳನಿಗೆ ಎರಡು ತಿಂಗಳ ಬಿಡುವು ಸಿಗುತ್ತದೆ.

ಶಾಲೆಯಲ್ಲಿ ಬಹುಕಾಲ ಕಳೆದ ನಮಗೆ ಈ ಮಾತು ಹೊಸದಲ್ಲ. ಶಿಕ್ಷಕರ ತರಬೇತಿಯಲ್ಲಿ ಕಲಿತ ಪಾಠಗಳೊಳಗೆ ಇಂದಿಗೂ ನಮ್ಮನ್ನು ಬಿಡದಿರುವುದು ಒಂದು. ಯಾವ ತರಗತಿಯಲ್ಲಿ ಒಡೆದ ಸ್ಲೇಟಿಗೆ ಬೆತ್ತದ ಏಟು ಬೀಳುತ್ತದೆಯೋ ಆ ತರಗತಿಯಲ್ಲಿ ಸ್ಲೇಟುಗಳು ಒಡೆಯುವುದು ನಿಲ್ಲುವುದಿಲ್ಲ. ಒಡೆದುದನ್ನು ಹೇಳುವುದು ಮಾತ್ರ ನಿಲ್ಲುತ್ತದೆ. ಗಾಯವನ್ನು ತೋರಿಸಲು ಹೆದರುವ ಮಗುವಿನ ಗಾಯವೇ ಕೀವು ಕಟ್ಟುವುದು. ಮಾಸ್ಟ್ರಿಕ್ಟ್ ವಿಶ್ವವಿದ್ಯಾನಿಲಯದ ನಡೆಯಲ್ಲಿ ನಾವು ಮೆಚ್ಚುವುದು ಇದನ್ನೇ. 2020ರ ಫೆಬ್ರವರಿ 5ರಂದು ಅದು ಬಹಿರಂಗ ವಿಚಾರಸಂಕಿರಣವನ್ನು ಕರೆದು, ಕಳ್ಳರು ಹೇಗೆ ನುಗ್ಗಿದರು, ತನ್ನ ಲೋಪಗಳೇನು, ಹಣ ಕೊಟ್ಟುದು ಏಕೆ ಎಂಬುದನ್ನು ತನಿಖೆಯ ವರದಿಯ ಸಹಿತ ಎಲ್ಲರ ಮುಂದೆ ಇರಿಸಿತು. ಮಾನ ಹೋದೀತೆಂದು ಮುಚ್ಚಿಡಬಹುದಾಗಿತ್ತು. ಇತರರ ಏರಿ ಉಳಿಯಲೆಂದು ತನ್ನ ಏರಿಯ ಬಿಲವನ್ನು ತೋರಿಸುವುದಕ್ಕೆ ಧೈರ್ಯ ಬೇಕು.

ಆದುದರಿಂದ ಮಕ್ಕಳನ್ನು ದೂರದ ವಿದ್ಯಾಪೀಠಗಳಿಗೆ ಕಳುಹಿಸುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಗುಪ್ತಪದವನ್ನು ಗೆಳೆಯರಿಗೂ ಹೇಳಬೇಡ, ಊರಿನ ಹೆಸರನ್ನೋ ಹುಟ್ಟಿದ ದಿನವನ್ನೋ ಗುಪ್ತಪದ ಮಾಡಬೇಡ, ಒಂದೇ ಪದವನ್ನು ಎಲ್ಲ ಕಡೆಯೂ ಬಳಸಬೇಡ ಎಂದು ಹೇಳಿರಿ. ಹೆದರಿಸಿ ಅವಸರಪಡಿಸುವ ಪತ್ರ ಬಂದರೆ, ಅದು ಕನ್ನಡದಲ್ಲಿರಲಿ ತೆಲುಗಿನಲ್ಲಿರಲಿ ಇಂಗ್ಲಿಷಿನಲ್ಲಿರಲಿ, ಒಂದು ಲೋಟ ನೀರು ಕುಡಿದು ಆಮೇಲೆ ಓದು ಎನ್ನಿರಿ. ಗಣಕ ವಿಭಾಗದ ದೂರವಾಣಿ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಲಿ. ಜಾಲವೇ ಬಿದ್ದ ದಿನ ಅದನ್ನು ಜಾಲದಲ್ಲಿ ಹುಡುಕಲಾಗದು. ಹಣವೇ ಕಳುವಾದರೆ ದೇಶದಾದ್ಯಂತ 1930 ಎಂಬ ಸಂಖ್ಯೆಗೆ ಕೂಡಲೇ ದೂರು ಕೊಡಬಹುದೆಂಬುದೂ ತಿಳಿದಿರಲಿ.

ಇವೆಲ್ಲಕ್ಕಿಂತ ಮಿಗಿಲಾಗಿ ಇನ್ನೊಂದು ಮಾತನ್ನು ಬಸ್ಸು ಹತ್ತಿಸುವ ಮೊದಲೇ ಹೇಳಿಬಿಡಿರಿ: “ತಪ್ಪಾದರೆ ಮೊದಲು ಹೇಳು, ಬೈಗುಳ ಆಮೇಲೆ ನೋಡೋಣ.” ಆ ಮಾತನ್ನು ನಂಬಿ ಮಗು ಒಂದು ರಾತ್ರಿ ಫೋನು ಮಾಡಿದಾಗ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ನಮ್ಮದು.